ಒಮ್ನಿ ವ್ಯಾನಿನ ಪೆಟ್ರೋಲ್ ಟ್ಯಾಂಕನ್ನು ಮನೆಯಲ್ಲೇ ಇಳಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಮಾರುತಿ ಒಮ್ನಿಯ ತಯಾರಿಕೆ 2019ರಲ್ಲೇ ನಿಂತಿದೆ. ಹಾಗಾಗಿ ಈಗ ಓಡುತ್ತಿರುವುದೆಲ್ಲ ವಯಸ್ಸಾದ ಗಾಡಿಗಳೇ. ತಗಡಿನ ಟ್ಯಾಂಕು ಒಳಗೂ ಹೊರಗೂ ತುಕ್ಕು ಹಿಡಿದಿರುತ್ತದೆ. ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ನೀರು ಸೇರಿರುತ್ತದೆ, ಇಲ್ಲಾ ಗಾಡಿ ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ. ಇಂಥ ಹೊತ್ತಲ್ಲಿ ಟ್ಯಾಂಕು ಇಳಿಸಲೇಬೇಕು.

ಮನೆಯಲ್ಲೇ ಇಳಿಸಲು ಹೋದವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆ ಲೈನಿನ (ಎಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪಿನ) ಒತ್ತಡ ಇಳಿಸಬೇಕಿತ್ತು ಅಂತ ನೆನಪಾಗುತ್ತದೆ. ಬೋಲ್ಟು ತೆಗೆದ ಮೇಲೆ ಟ್ಯಾಂಕಿನ ತಲೆಯ ಮೇಲೆ ಇನ್ನೂ ಒಂದು ಪೈಪು ಇದೆ ಅಂತ ಗೊತ್ತಾಗುತ್ತದೆ. ಕೆಳಗಿನ ಹಂತಗಳನ್ನು ಬರೆದಿರುವ ಸರದಿಯಲ್ಲೇ ಮಾಡಿ, ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ. ಬೇರೆ ಪೆಟ್ರೋಲ್ ವ್ಯಾನುಗಳಿಗೂ ಮುಕ್ಕಾಲು ಪಾಲು ಇದೇ ಕ್ರಮ.

ಯಾರು ಕೈ ಹಾಕಬಾರದು

ನಿಮ್ಮ ವ್ಯಾನು ಎಲ್‌ಪಿಜಿ ಅಥವಾ ಸಿಎನ್‌ಜಿಯದ್ದಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಆ ಸಿಲಿಂಡರ್, ಅದರ ಪೈಪು, ವಾಲ್ವುಗಳನ್ನು ಅಧಿಕೃತ ತಂತ್ರಜ್ಞರೇ ಮುಟ್ಟಬೇಕು.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಶಟರ್ ಹಾಕಿದ ಗ್ಯಾರೇಜು, ಮೂರು ಕಡೆ ಗೋಡೆಯಿರುವ ಪೋರ್ಟಿಕೋ, ಇಲ್ಲೆಲ್ಲೂ ಈ ಕೆಲಸ ಬೇಡ. ಇಳಿಜಾರಿನಲ್ಲಿ ಬೇಡ. ಬರೀ ಮಣ್ಣಿನ ನೆಲದ ಮೇಲೂ ಬೇಡ, ಭಾರ ಬಿದ್ದರೆ ಜಾಕಿ ಹೂತುಹೋಗುತ್ತದೆ. ಒಬ್ಬರೇ ಅಂತೂ ಮಾಡಲೇಬೇಡಿ. ಎರಡನೆಯವರು ಬರೀ ಸಹಾಯಕ್ಕಲ್ಲ, ಏನಾದರೂ ಆದರೆ ನಿಮ್ಮನ್ನು ಹೊರಗೆ ಎಳೆಯಲಿಕ್ಕೂ ಬೇಕು.

ಪೆಟ್ರೋಲ್ ಬಗ್ಗೆ ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಂಡರೆ ಉಳಿದ ಎಚ್ಚರಿಕೆಗಳೆಲ್ಲ ತಾನಾಗೇ ಅರ್ಥವಾಗುತ್ತವೆ. ಉರಿಯುವುದು ದ್ರವವಲ್ಲ, ಆವಿ. ಮೈನಸ್ 40 ಡಿಗ್ರಿ ಚಳಿಯಲ್ಲೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಮೆಟ್ಟಿಲು ಇಳಿಯುತ್ತದೆ, ಬಾಗಿಲ ಸಂದಿಯಲ್ಲಿ ನುಗ್ಗುತ್ತದೆ, ಚರಂಡಿಯಲ್ಲಿ ನಿಲ್ಲುತ್ತದೆ. ನೀವು ವ್ಯಾನಿನ ಕೆಳಗೆ ಮಲಗಿದ್ದಾಗ ನಿಮ್ಮ ಮೂಗು ಅದೇ ಮಟ್ಟದಲ್ಲಿ ಇರುತ್ತದೆ.

ಬೇಕಾದ ಸಾಮಾನು

ಎಲ್ಲವೂ ಕೈಗೆ ಸಿಗುವ ಹಾಗೆ ಜೋಡಿಸಿಕೊಂಡ ಮೇಲೇ ಶುರು ಮಾಡಿ. ಅರ್ಧ ಬಿಚ್ಚಿದ ಟ್ಯಾಂಕನ್ನು ಹಾಗೇ ಬಿಟ್ಟು ಅಂಗಡಿಗೆ ಓಡುವ ಪರಿಸ್ಥಿತಿ ಬರಬಾರದು.

- ಟ್ರಾಲಿ ಜಾಕಿ ಒಂದು. ಗಾಡಿ ಜೊತೆ ಬರುವ ಸ್ಕ್ರೂ ಜಾಕಿ ಟೈರ್ ಬದಲಿಸಲಿಕ್ಕೆ ಮಾತ್ರ.
- ಜಾಕ್ ಸ್ಟ್ಯಾಂಡ್ ಎರಡು, ಚಕ್ರಕ್ಕೆ ಕೊಡುವ ಮರದ ಅಡೆ ನಾಲ್ಕು.
- ಟ್ಯಾಂಕಿನ ಅಡಿಗೆ ಕೊಡಲು ಒಂದು ಅಗಲದ, ದಪ್ಪನೆಯ ಹಲಗೆ.
- 10, 12, 14, 17 ಮಿ.ಮೀ. ರಿಂಗ್ ಸ್ಪ್ಯಾನರ್ ಮತ್ತು ಬಾಕ್ಸ್ ಸ್ಪ್ಯಾನರ್. ಮಾರುತಿ ಗಾಡಿಗಳಲ್ಲಿ ಹೆಚ್ಚು ಕೆಲಸ 10 ಮತ್ತು 12ರಲ್ಲೇ ಆಗುತ್ತದೆ. ಓಪನ್ ಸ್ಪ್ಯಾನರ್ ತುಕ್ಕು ಹಿಡಿದ ಬೋಲ್ಟಿನ ತಲೆ ತಿನ್ನುತ್ತದೆ, ಅದನ್ನು ದೂರವಿಡಿ.
- ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಬ್ಲೇಡು, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ.
- ರಬ್ಬರ್ ಬುರುಡೆ ಒತ್ತಿ ಪೆಟ್ರೋಲ್ ಎಳೆಯುವ ಕೈಪಂಪು.
- ಮುಚ್ಚಳ ಬಿಗಿಯಾಗಿ ಕೂರುವ ಲೋಹದ ಕ್ಯಾನುಗಳು, ಒಂದು ಅಗಲವಾದ ಲೋಹದ ಟ್ರೇ.
- ಹೊಸ ಪೆಟ್ರೋಲ್ ಹೋಸು, ಹೊಸ ಕ್ಲಿಪ್ಪು, ಫ್ಲೋಟ್ ಯೂನಿಟ್ಟಿನ (ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಮುಳ್ಳಿಗೆ ತಿಳಿಸುವ ಭಾಗ) ಗ್ಯಾಸ್ಕೆಟ್.
- ತಲೆಗೆ ಕಟ್ಟುವ ಎಲ್‌ಇಡಿ ಟಾರ್ಚು, ಕಣ್ಣಿಗೆ ಕನ್ನಡಕ, ನೈಟ್ರೈಲ್ ಗ್ಲೌಸು.
- ಒಣ ಪುಡಿಯ ಅಗ್ನಿಶಾಮಕ, ಎರಡು ಬಕೆಟ್ ಒಣ ಮರಳು.

ಕ್ಯಾನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀರಿನ ಬಾಟಲಿ, ಎಣ್ಣೆ ಕ್ಯಾನು, ಬಿಂದಿಗೆ ಯಾವುದೂ ಬೇಡ. ಪೆಟ್ರೋಲ್ ಹರಿಯುವಾಗ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ, ಒಂದು ಸಣ್ಣ ಕಿಡಿ ಸಾಕು. ಕಾನೂನೂ ಇದನ್ನೇ ಹೇಳುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ 30 ಲೀಟರ್‌ವರೆಗೆ ಮಾತ್ರ ಇಟ್ಟುಕೊಳ್ಳಬಹುದು. ಗಾಜು ಅಥವಾ ಪಿಂಗಾಣಿ ಪಾತ್ರೆಯಾದರೆ ಒಂದೊಂದರಲ್ಲಿ 1 ಲೀಟರ್, ಲೋಹದ್ದಾದರೆ 25 ಲೀಟರ್ ಮಿತಿ.

ಬಟ್ಟೆ ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ಟೀ ಶರ್ಟು, ಟ್ರ್ಯಾಕ್ ಪ್ಯಾಂಟಿನಲ್ಲೂ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಬಲ್ಬಿನ ಡ್ರಾಪ್ ಲೈಟ್ ಕೆಳಗೆ ತರಬೇಡಿ. ಬಲ್ಬು ಒಡೆದ ಕ್ಷಣದಲ್ಲಿ ಅದರ ತಂತಿ ಕೆಂಪಗೆ ಕಾದಿರುತ್ತದೆ.

ಹಂತ 1: ಎರಡು ದಿನ ಮುಂಚೆ ಮಾಡುವ ಕೆಲಸ

ಮೊದಲು ಪೆಟ್ರೋಲನ್ನು ಓಡಿಸಿಯೇ ಖಾಲಿ ಮಾಡಿ. ಒಮ್ನಿ ಟ್ಯಾಂಕು ಹಿಡಿಸುವುದು ಸುಮಾರು 35 ಲೀಟರ್. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ ಅಂದುಕೊಂಡರೆ ತುಂಬಿದ ಟ್ಯಾಂಕಿನಲ್ಲಿ 26 ಕೆಜಿ ಪೆಟ್ರೋಲೇ ಇರುತ್ತದೆ, ಟ್ಯಾಂಕಿನ ತಗಡು ಬೇರೆ. ಆ ಭಾರ ಒಳಗೆ ಅಲ್ಲಾಡುತ್ತಲೂ ಇರುತ್ತದೆ. ಮುಳ್ಳು ರಿಸರ್ವ್‌ಗೆ ಬರುವ ತನಕ ಓಡಿಸಿ, ಆಮೇಲೆ ನಿಲ್ಲಿಸಿ. ಸೋರುತ್ತಿರುವ ಟ್ಯಾಂಕಾಗಿದ್ದರೆ ಮಾತ್ರ ಓಡಿಸಬೇಡಿ.

ಟ್ಯಾಂಕನ್ನು ಹಿಡಿದಿರುವ ಬೋಲ್ಟುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಸೈಲೆನ್ಸರ್ ಪೂರ್ತಿ ತಣ್ಣಗಿರುವಾಗಲೇ ಹೊಡೆಯಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮರುದಿನ ಮತ್ತೆ. ಸ್ಪ್ರೇ ಹೊಡೆದ ಐದೇ ನಿಮಿಷಕ್ಕೆ ಸ್ಪ್ಯಾನರ್ ಹಾಕಿದವರ ಬೋಲ್ಟೇ ಮುರಿಯುವುದು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇನ್ನೊಂದು ದಿನ ಜಾಸ್ತಿ ಕೊಡಿ. ಉಪ್ಪಿನ ಗಾಳಿ ನಟ್ಟು ಬೋಲ್ಟನ್ನು ಒಂದೇ ಮುದ್ದೆ ಮಾಡಿರುತ್ತದೆ.

ಹಾಗೇ ಟಾರ್ಚು ಹಿಡಿದು ಕೆಳಗೆ ನೋಡಿ. ಟ್ಯಾಂಕು ಅಂಚಿನ ಬೋಲ್ಟಿನಲ್ಲಿ ನಿಂತಿದೆಯೋ, ತಗಡಿನ ಪಟ್ಟಿಯಲ್ಲೋ? ಅಡಿಯಲ್ಲಿ ಡ್ರೈನ್ ಬೋಲ್ಟ್ ಇದೆಯೋ? ಎಷ್ಟು ಪೈಪು ಕಾಣುತ್ತವೆ? ಟ್ಯಾಂಕು ಯಾವ ಮಗ್ಗುಲಿಂದ ಹೊರಗೆ ಬರಬಹುದು? ಫೋಟೋ ತೆಗೆದಿಟ್ಟುಕೊಳ್ಳಿ. ಕೆಲಸದ ದಿನ ಫೋನು ದೂರವಿರುತ್ತದೆ.

ಕಾರ್ಬೊರೇಟರ್ ಗಾಡಿಯೋ ಎಂಪಿಎಫ್‌ಐ ಗಾಡಿಯೋ ಅಂತಲೂ ಈಗಲೇ ಖಚಿತ ಮಾಡಿಕೊಳ್ಳಿ. ಕಾರ್ಬೊರೇಟರ್ ಹಳೆಯ ಪದ್ಧತಿ, ಎಂಪಿಎಫ್‌ಐ ಅಂದರೆ ಪೆಟ್ರೋಲನ್ನು ಒತ್ತಡದಲ್ಲಿ ಇಂಜೆಕ್ಟರಿನಿಂದ ಚಿಮ್ಮಿಸುವ ಪದ್ಧತಿ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ, ಸುಮ್ನೆ ಕೇಳಿ. ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು ಝುಂಯ್ ಅಂತ ಸದ್ದು ಬಂದು ನಿಂತರೆ ಅದು ಟ್ಯಾಂಕಿನ ಒಳಗಿರುವ ಎಲೆಕ್ಟ್ರಿಕ್ ಪಂಪು, ಎಂಪಿಎಫ್‌ಐ ಗಾಡಿ. ಸದ್ದೇ ಇಲ್ಲದಿದ್ದರೆ ಅದೊಂದನ್ನೇ ನಂಬಬೇಡಿ, ಪಂಪು ಕೆಟ್ಟಿರಲೂಬಹುದು. ಗಾಡಿಯ ಕಾಗದಪತ್ರದಲ್ಲೂ ನೋಡಿ.

ಹಂತ 2: ಜಾಗ ಸಿದ್ಧ ಮಾಡುವುದು

ಕೆಲಸ ಬೆಳಿಗ್ಗೆ ಬೇಗ ಶುರುವಾಗಲಿ. ಮಧ್ಯಾಹ್ನದ ಬಿಸಿಲಿಗೆ ಆವಿ ಜಾಸ್ತಿ. ಸಂಜೆ ಬೇಡವೇ ಬೇಡ. ಕತ್ತಲಾಗುವುದು ಒಂದು ಕಾರಣ, ಸಂಜೆ ಅಂಗಳದ ತುಳಸಿಕಟ್ಟೆಯಲ್ಲಿ ದೀಪ ಹಚ್ಚುವುದು ಇನ್ನೊಂದು.

ಮನೆಯವರಿಗೆಲ್ಲ ಮೊದಲೇ ಹೇಳಿ. ಆ ದಿನ ಕೆಲಸ ಮುಗಿದು, ಟ್ಯಾಂಕು ಆಚೆ ಹೋಗುವ ತನಕ ಅಂಗಳದ ಕಡೆ ದೀಪ, ಅಗರಬತ್ತಿ, ಬೀಡಿ, ಸಿಗರೇಟು ಇಲ್ಲ. ನೀರು ಕಾಯಿಸುವ ಹಂಡೆ ಒಲೆ, ಗ್ಯಾಸ್ ಗೀಸರು ಆ ಮಗ್ಗುಲಲ್ಲಿದ್ದರೆ ಹಚ್ಚುವುದಿಲ್ಲ. ಅಡುಗೆಮನೆ ಕಿಟಕಿ ಬಾಗಿಲು ಆ ಕಡೆ ತೆರೆದಿದ್ದರೆ ಮುಚ್ಚಿ. ನೀರಿನ ಪಂಪಿನ ಸ್ವಿಚ್ಚು, ಯುಪಿಎಸ್ಸು ಹತ್ತಿರವಿದ್ದರೆ ಜಾಗವನ್ನೇ ಬದಲಿಸಿ. ಸ್ವಿಚ್ಚು ಹಾಕಿದಾಗಲೂ ಆರಿಸಿದಾಗಲೂ ಒಳಗೆ ಕಿಡಿ ಹಾರುತ್ತದೆ.

ಮಕ್ಕಳು, ನಾಯಿ ಒಳಗಿರಲಿ. ಫೋನುಗಳು ಮನೆಯೊಳಗೆ, ಆದರೆ ಸಹಾಯಕ್ಕೆ ನಿಂತವರಿಗೆ ತಕ್ಷಣ ಸಿಗುವ ಹಾಗಿರಲಿ. ಬೆಂಕಿಗೆ 101 ಅಥವಾ 112, ಆಂಬುಲೆನ್ಸಿಗೆ 108. ಅಗ್ನಿಶಾಮಕವನ್ನು ಗಾಡಿ ಪಕ್ಕದಲ್ಲೇ ಇಡಬೇಡಿ, ನಾಲ್ಕೈದು ಹೆಜ್ಜೆ ದೂರದಲ್ಲಿ ಇಡಿ. ಬೆಂಕಿ ಹತ್ತಿದ ಗಾಡಿಯ ಪಕ್ಕಕ್ಕೆ ಹೋಗಿ ತರುವುದು ಆಗುವ ಮಾತಲ್ಲ. ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು ಅಂತ ಅವರಿಗೂ ಹೇಳಿ. ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ಇನ್ನೂ ದೂರ ಹರಡುತ್ತದೆ.

ಹಂತ 3: ಮೊದಲು ಒತ್ತಡ, ಆಮೇಲೆ ಬ್ಯಾಟರಿ

ಎಂಪಿಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಲೈನಿನ ಒತ್ತಡ ಸುಮಾರು 3 ಬಾರ್ ಇರುತ್ತದೆ, ಟೈರಿನ ಗಾಳಿಗಿಂತ ಜಾಸ್ತಿ. ಎಂಜಿನ್ ಆಫ್ ಮಾಡಿದ ಮೇಲೂ ಗಂಟೆಗಟ್ಟಲೆ ಲೈನಿನಲ್ಲಿ ಉಳಿದಿರಬಹುದು. ಹಾಗೇ ಪೈಪು ಬಿಚ್ಚಿದರೆ ಕಣ್ಣಿಗೆ, ಮುಖಕ್ಕೆ ಚಿಮ್ಮುತ್ತದೆ.

ಒತ್ತಡ ಇಳಿಸುವುದು ಸುಲಭ. ಪಂಪಿನ ಫ್ಯೂಸು ಅಥವಾ ರಿಲೇ ತೆಗೆಯಿರಿ. ಎಂಜಿನ್ ಸ್ಟಾರ್ಟ್ ಮಾಡಿ. ಲೈನಿನಲ್ಲಿ ಉಳಿದದ್ದನ್ನು ಕುಡಿದು ತಾನಾಗೇ ನಿಲ್ಲುತ್ತದೆ. ಆಮೇಲೆ ಎರಡು ಮೂರು ಸಲ ಸೆಲ್ಫ್ ಹೊಡೆಯಿರಿ. ಇಷ್ಟಾದ ಮೇಲೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಎಂಜಿನ್ ಹಾಗೂ ಸೈಲೆನ್ಸರ್ ಪೂರ್ತಿ ತಣ್ಣಗಾಗಲು ಬಿಡಿ. ಕೈ ಇಟ್ಟರೆ ಬಿಸಿ ತಾಗಬಾರದು. ಅದಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಪಕ್ಕಕ್ಕೆ ಕಟ್ಟಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಪೆಟ್ರೋಲ್ ಮುಚ್ಚಳ ತೆಗೆಯುವ ಮುಂಚೆಯೇ ಬ್ಯಾಟರಿ ಕೆಲಸ ಮುಗಿದಿರಬೇಕು.

ಕಾರ್ಬೊರೇಟರ್ ಗಾಡಿಯಲ್ಲಿ ಎಂಜಿನ್ ಮೇಲಿನ ಪಂಪು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಇಷ್ಟು ಒತ್ತಡ ಇರುವುದಿಲ್ಲ. ಆದರೆ ಬಿಚ್ಚಿದ ಪೈಪಿನ ತುದಿ ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ ಬಂದರೆ ಪೆಟ್ರೋಲು ತಾನಾಗೇ ಹರಿಯತೊಡಗುತ್ತದೆ, ನಿಲ್ಲುವುದೇ ಇಲ್ಲ.

ಹಂತ 4: ಉಳಿದ ಪೆಟ್ರೋಲ್ ತೆಗೆಯುವುದು

ಇದನ್ನು ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುವಾಗಲೇ ಮಾಡಿ, ಎತ್ತಿದ ಮೇಲಲ್ಲ. ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ, ಒಳಗಿನ ಒತ್ತಡ ಉಸ್ ಅಂತ ಹೋಗಲು ಬಿಡಿ. ಕೈಪಂಪಿನ ಪೈಪು ಇಳಿಸಿ. ಇನ್ನೊಂದು ತುದಿ ಕ್ಯಾನಿನ ತಳ ಮುಟ್ಟುತ್ತಿರಲಿ, ಮೇಲಿಂದ ಧಾರೆಯಾಗಿ ಬೀಳಬಾರದು. ಕ್ಯಾನು ನೆಲದ ಮೇಲೇ ಇರಲಿ. ಕ್ಯಾನಿಗೂ ಗಾಡಿಯ ಬಾಡಿಗೂ ನಡುವೆ ಒಂದು ತಾಮ್ರದ ವಯರು ಕಟ್ಟಿ, ಅದನ್ನು ಮುಚ್ಚಳ ತೆಗೆಯುವ ಮುಂಚೆಯೇ ಕಟ್ಟಿರಬೇಕು. ಎರಡರಲ್ಲೂ ವಿದ್ಯುತ್ ಒಂದೇ ಮಟ್ಟದಲ್ಲಿದ್ದರೆ ಅವುಗಳ ನಡುವೆ ಕಿಡಿ ಹಾರಲು ಕಾರಣವೇ ಇರುವುದಿಲ್ಲ.

ನಮ್ಮ ಕಡೆ ಬಹಳ ಮಂದಿ ಪೈಪು ಹಾಕಿ ಬಾಯಲ್ಲಿ ಎಳೆಯುತ್ತಾರೆ. ದಯವಿಟ್ಟು ಮಾಡಬೇಡಿ. ಬಾಯಿಗೆ ಬಂದ ಪೆಟ್ರೋಲನ್ನು ಉಗಿದರೆ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೊಂದರೆ ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದದ್ದರಿಂದ ಜಾಸ್ತಿ. ಒಂದು ಗುಟುಕಿಗೆ ಕೆಮ್ಮು ಬಂದರೂ ಸಾಕು, ಸ್ವಲ್ಪ ಪೆಟ್ರೋಲ್ ಉಸಿರಿನ ಕೊಳವೆಗೆ ಇಳಿದು ಶ್ವಾಸಕೋಶವನ್ನು ಸುಡುತ್ತದೆ. ಅಕಸ್ಮಾತ್ ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ. ವಾಂತಿಯ ಜೊತೆ ಅದು ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆ ಹೊತ್ತಿಗೆ ಚೆನ್ನಾಗೇ ಇದ್ದಾರೆ ಅನ್ನಿಸಿದರೂ ಸರಿ.

ಕೂಲರಿನ ಪಂಪು, ಅಕ್ವೇರಿಯಂ ಮೋಟರು, ಡ್ರಿಲ್ಲಿಗೆ ಸಿಕ್ಕಿಸುವ ಪಂಪು, ಇವೂ ಬೇಡ. ಯಾವುದೂ ಪೆಟ್ರೋಲಿಗಾಗಿ ಮಾಡಿದ್ದಲ್ಲ.

ಪೈಪು ಟ್ಯಾಂಕಿನ ಒಳಗೆ ಹೋಗದೆ ಕುತ್ತಿಗೆಯ ಬಾಗಿನಲ್ಲೇ ಸಿಕ್ಕಿಕೊಳ್ಳುವುದು ಸಾಮಾನ್ಯ. ಬಲವಂತ ಮಾಡಬೇಡಿ, ಸಣ್ಣ ಪೈಪು ಹಾಕಿ ನೋಡಿ. ಆಗಲೂ ಆಗದಿದ್ದರೆ ಡ್ರೈನ್ ಬೋಲ್ಟಿನಿಂದಲೇ ತೆಗೆಯಬೇಕು, ಅದು ಹಂತ 6ರಲ್ಲಿದೆ.

ತೆಗೆದ ಪೆಟ್ರೋಲಿನಲ್ಲಿ ಸ್ವಲ್ಪವನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು, ಮುಚ್ಚಳ ಬಿಗಿದು, ನೆರಳಲ್ಲಿ ಅಲ್ಲಾಡಿಸದೆ ಇಟ್ಟು ನೋಡಿ. ನಿಮ್ಮ ಗಾಡಿಯ ಕಾಯಿಲೆ ಏನು ಅಂತ ಅರ್ಧ ಇಲ್ಲೇ ಗೊತ್ತಾಗುತ್ತದೆ. ತಳದಲ್ಲಿ ಕೆಂಪು ಕಂದು ಪುಡಿ ಕೂತರೆ ಟ್ಯಾಂಕಿನ ಒಳಗೆ ತುಕ್ಕು. ಮೇಲೊಂದು, ಕೆಳಗೊಂದು ಹೀಗೆ ಎರಡು ಪದರ ಕಂಡು ನಡುವೆ ಗೆರೆ ಎಳೆದ ಹಾಗಿದ್ದರೆ ನೀರು ಸೇರಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥೆನಾಲ್ ಇರುತ್ತದೆ. ಎಥೆನಾಲ್ ಒಂದು ಮಿತಿಯವರೆಗೆ ನೀರನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮಿತಿ ದಾಟಿದರೆ ನೀರೂ ಎಥೆನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ನಿಂತ ವ್ಯಾನುಗಳು ಮಳೆಗಾಲದಲ್ಲಿ ಸ್ಟಾರ್ಟ್ ಆಗದೆ ಸತಾಯಿಸುವುದಕ್ಕೆ ಇದೂ ಒಂದು ಕಾರಣ. ಟ್ಯಾಂಕಿನ ತಳ ತುಕ್ಕು ಹಿಡಿಯುವುದೂ ಹೀಗೇ.

ಮುಗಿದ ಮೇಲೆ ಮುಚ್ಚಳ ಹಾಕಿ, ಕ್ಯಾನುಗಳನ್ನು ಬಿಗಿಯಾಗಿ ಮುಚ್ಚಿ ಮನೆಯಿಂದ ದೂರ ನೆರಳಲ್ಲಿ ಇಡಿ. ಅರ್ಧ ಗಂಟೆ ಸುಮ್ಮನಿದ್ದು ಗಾಳಿಯಾಡಲು ಬಿಡಿ.

ಹಂತ 5: ಗಾಡಿ ಎತ್ತುವುದು

ಒಮ್ನಿ ಹಿಂದಿನ ಚಕ್ರದಲ್ಲಿ ಓಡುವ ಗಾಡಿ. ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಗೇರಿನಲ್ಲಿ ನಿಲ್ಲಿಸಿದರೂ ತಡೆಯುವುದು ಹಿಂದಿನ ಚಕ್ರವೇ. ಅಂದರೆ ಹಿಂಭಾಗ ಎತ್ತಿದ ಕೂಡಲೇ ಬ್ರೇಕೂ ಇಲ್ಲ, ಗೇರೂ ಇಲ್ಲ. ಮುಂದಿನ ಎರಡು ಚಕ್ರ ಆರಾಮಾಗಿ ಉರುಳುತ್ತವೆ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಅಡೆ ಕೊಟ್ಟ ಮೇಲೇ ಜಾಕಿ ಮುಟ್ಟಿ. ಒಮ್ನಿ ಜಾಕಿಯಿಂದ ಜಾರುವುದಕ್ಕೆ ಮುಖ್ಯ ಕಾರಣ ಇದನ್ನು ಮರೆಯುವುದು.

ಟ್ರಾಲಿ ಜಾಕಿಯಲ್ಲಿ ಎತ್ತಿ. ಹಿಂದಿನ ಆಕ್ಸಲಿನ ಅಡಿಗೆ, ಎಲೆ ಸ್ಪ್ರಿಂಗಿನ ಹತ್ತಿರ, ಎರಡು ಕಡೆ ಸ್ಟ್ಯಾಂಡ್ ಕೊಡಿ. ಬಾಡಿಯ ತೆಳು ತಗಡಿಗೆ ಸ್ಟ್ಯಾಂಡ್ ಕೊಟ್ಟರೆ ತುಕ್ಕು ಹಿಡಿದ ಕಡೆ ಒಳಗೆ ತೂರಿಕೊಳ್ಳುತ್ತದೆ. ಹಾಲೋ ಬ್ಲಾಕ್, ಇಟ್ಟಿಗೆ, ಸೈಜುಗಲ್ಲು ಪೇರಿಸಿ ನಿಲ್ಲಿಸುವುದನ್ನು ಎಲ್ಲ ಊರಲ್ಲೂ ನೋಡುತ್ತೇವೆ. ಸಿಮೆಂಟಿನ ಬ್ಲಾಕು ಬಿರುಕು ಬಿಡುವಾಗ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ಸ್ಟ್ಯಾಂಡಿನ ಮೇಲೆ ಭಾರ ಬಿಟ್ಟ ಮೇಲೆ ಕೈಯಿಂದ ಗಾಡಿಯನ್ನು ಚೆನ್ನಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿದ್ದಾಗಲೇ ಬೀಳಲಿ. ಸ್ಟೆಪ್ನಿಯನ್ನು ಬಾಡಿಯ ಅಡಿಗೆ ಮಲಗಿಸಿ ತಳ್ಳಿಡಿ, ಎಲ್ಲ ಕೈಕೊಟ್ಟರೆ ಅಷ್ಟಾದರೂ ಜಾಗ ಉಳಿಯುತ್ತದೆ. ಟ್ಯಾಂಕಿನ ಎತ್ತರದ ಮೇಲೆ ಇನ್ನೊಂದು ಗೇಣು ಜಾಗ ಸಿಗುವಷ್ಟು ಗಾಡಿ ಎದ್ದಿರಬೇಕು. ಟ್ಯಾಂಕು ಇಳಿಸಿ ಆಮೇಲೆ ಹೊರಗೆ ಬರುತ್ತಿಲ್ಲ ಅಂತ ಮತ್ತೆ ಎತ್ತಲು ಹೋಗುವುದು ತೀರಾ ಅಪಾಯ.

ಹಂತ 6: ಪೈಪುಗಳನ್ನು ಬಿಚ್ಚುವುದು

ಟಾರ್ಚನ್ನು ಹೊರಗೇ ಆನ್ ಮಾಡಿಕೊಂಡು ಒಳಗೆ ಹೋಗಿ. ಕನ್ನಡಕ ಹಾಕಿರಲಿ. ಡ್ರೈನ್ ಬೋಲ್ಟ್ ಇದ್ದರೆ ಅಡಿಗೆ ಟ್ರೇ ಇಟ್ಟು ಬಿಚ್ಚಿ. ಕೊನೆಯ ಸುತ್ತು ಕೈಯಲ್ಲೇ ತಿರುಗಿಸಿ, ಬದಿಯಿಂದ ಹಿಡಿಯಿರಿ. ಮುಖ ನೇರ ಕೆಳಗೆ ಇರಬಾರದು. ಟ್ರೇ ತುಂಬುತ್ತಾ ಬಂದರೆ ಬೋಲ್ಟು ಮತ್ತೆ ಹಾಕಿ, ಹೊರಗೆ ತಂದು ಕ್ಯಾನಿಗೆ ಸುರಿದು, ಮತ್ತೆ ಮುಂದುವರಿಸಿ.

ಆಮೇಲೆ ಪೈಪುಗಳು. ಸಾಮಾನ್ಯವಾಗಿ ಎಂಜಿನ್ನಿಗೆ ಹೋಗುವುದೊಂದು, ವಾಪಸ್ ಬರುವುದೊಂದು, ಆವಿಯದ್ದೊಂದು, ಜೊತೆಗೆ ಪೆಟ್ರೋಲ್ ಹಾಕುವ ದಪ್ಪ ಪೈಪು ಮತ್ತು ಅದರ ಪಕ್ಕದ ಗಾಳಿ ಪೈಪು. ಸಣ್ಣವು ಮೂರೂ ಒಂದೇ ಥರ ಕಾಣುತ್ತವೆ. ಬಿಚ್ಚುವ ಮುಂಚೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿ. ಪೈಪಿಗೂ ಅದು ಕೂರುವ ಮೂತಿಗೂ ಒಂದೇ ಬಣ್ಣ. ಹೋಗುವುದು, ಬರುವುದು ಅದಲು ಬದಲಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಟ್ಯಾಂಕು ಮತ್ತೆ ಇಳಿಸಬೇಕಾಗುತ್ತದೆ.

ಕ್ಲಿಪ್ಪು ಸಡಿಲಿಸಿ ಹಿಂದಕ್ಕೆ ಸರಿಸಿ. ಪೈಪನ್ನು ಎಳೆಯುವ ಮುಂಚೆ ತಿರುಚಿ. ತಿರುಚಿದಾಗ ಕರ್ ಅಂತ ಬಿಟ್ಟುಕೊಂಡ ಮೇಲೇ ಎಳೆಯಬೇಕು. ಹತ್ತಾರು ವರ್ಷದ ರಬ್ಬರ್ ಮೂತಿಗೆ ಅಂಟಿಯೇ ಹೋಗಿರುತ್ತದೆ. ಅಂಥದ್ದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ತೆಗೆಯಿರಿ. ಹೋಸಿನ ಬೆಲೆ ಕಮ್ಮಿ, ಮುರಿದ ಮೂತಿಯ ರಿಪೇರಿ ಜಾಸ್ತಿ. ಹಳೆಯ ರಬ್ಬರಿಗೆ ಎಥೆನಾಲ್ ಒಗ್ಗುವುದಿಲ್ಲ, ಗಟ್ಟಿಯಾಗಿ ಬಿರಿಯುತ್ತದೆ ಅಥವಾ ಉಬ್ಬಿ ಮೆತ್ತಗಾಗುತ್ತದೆ. ಎರಡರಲ್ಲಿ ಯಾವುದು ಕಂಡರೂ ಎಲ್ಲ ಹೋಸೂ ಹೊಸದು ಹಾಕಿ.

ನಟ್ಟು ಇರುವ ಲೋಹದ ಪೈಪಾದರೆ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಇನ್ನೊಂದು ತಿರುಗಿಸಲು. ಒಂದರಲ್ಲೇ ಮಾಡಿದರೆ ಪೈಪು ತಿರುಚಿಕೊಳ್ಳುತ್ತದೆ. ಬಿಚ್ಚಿದ ಪ್ರತಿ ಪೈಪಿನ ಬಾಯಿಗೂ ಸರಿಯಾದ ಅಳತೆಯ ಬೋಲ್ಟು ತೂರಿಸಿ ಕ್ಲಿಪ್ಪು ಬಿಗಿಯಿರಿ. ಪೆಟ್ರೋಲ್ ತೊಟ್ಟಿಕ್ಕುವುದೂ ನಿಲ್ಲುತ್ತದೆ, ಲೈನಿಗೆ ಮಣ್ಣೂ ಹೋಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ತಲೆ ಹಗುರಾದ ಹಾಗೆ, ತಲೆನೋವು, ವಾಕರಿಕೆ ಬಂದರೆ "ಇದೊಂದು ಮುಗಿಸಿಬಿಡೋಣ" ಅನ್ನಬೇಡಿ. ತಕ್ಷಣ ಹೊರಗೆ ಬನ್ನಿ. ವಾಸನೆ ಕಮ್ಮಿಯಾಯಿತು ಅನ್ನಿಸಿದರೂ ನಂಬಬೇಡಿ, ಮೂಗು ಬೇಗ ಒಗ್ಗಿಕೊಂಡುಬಿಡುತ್ತದೆ. ಹೊರಗಿರುವವರು ಆಗಾಗ ಮಾತಾಡಿಸುತ್ತಿರಲಿ. ಬಟ್ಟೆ ಪೆಟ್ರೋಲಿನಲ್ಲಿ ನೆನೆದರೆ ಅಲ್ಲೇ ಬಿಟ್ಟು ಬದಲಿಸಿ, ಮೈ ಸೋಪಿನಲ್ಲಿ ತೊಳೆಯಿರಿ. ಆ ಬಟ್ಟೆಯಲ್ಲಿ ಅಡುಗೆಮನೆಗೆ ಹೋಗುವುದು ಎಂಥ ಅಪಾಯ ಅಂತ ಬೇರೆ ಹೇಳಬೇಕಿಲ್ಲ.

ಹಂತ 7: ಟ್ಯಾಂಕು ಇಳಿಸುವುದು

ಜಾಕಿಯ ಮೇಲೆ ಹಲಗೆ ಇಟ್ಟು ಟ್ಯಾಂಕಿನ ಅಡಿಗೆ ತನ್ನಿ. ಮೆಲ್ಲಗೆ ತಾಗುವಷ್ಟೇ ಎತ್ತಿ. ಜಾಸ್ತಿ ಎತ್ತಿದರೆ ತುಕ್ಕು ಹಿಡಿದ ತಳ ಒಳಗೆ ಕುಸಿಯುತ್ತದೆ. ಹಲಗೆ ಇಲ್ಲದೆ ಜಾಕಿಯ ತಲೆಯನ್ನು ನೇರ ಕೊಡಲೇಬಾರದು.

ಬೋಲ್ಟನ್ನು ಮೊದಲು ಒಂದು ಚೂರು ಬಿಗಿಯುವ ಕಡೆಗೆ ತಿರುಗಿಸಿ, ತುಕ್ಕು ಬಿಟ್ಟುಕೊಳ್ಳುತ್ತದೆ. ಆಮೇಲೆ ಸಡಿಲಿಸಿ. ಗಟ್ಟಿಯಾದರೆ ಮತ್ತೆ ಅರ್ಧ ಸುತ್ತು ವಾಪಸ್, ಸ್ಪ್ರೇ, ಮತ್ತೆ ಮುಂದಕ್ಕೆ. ಬಗ್ಗದ ಬೋಲ್ಟಿಗೆ ಗ್ಯಾಸ್ ಕಟರ್, ಬ್ಲೋ ಲ್ಯಾಂಪ್, ಗ್ರೈಂಡರ್ ಯಾವುದೂ ಇಲ್ಲಿ ಬರಬಾರದು. ತಲೆ ಸವೆದು ತಿರುಗುತ್ತಲೇ ಇದ್ದರೆ ಕೆಲಸ ಅಲ್ಲಿಗೆ ನಿಲ್ಲಿಸಿ, ಪೈಪುಗಳ ಬಾಯಿ ಮುಚ್ಚಿ, ಅನುಭವಿ ಮೆಕ್ಯಾನಿಕ್ಕನ್ನು ಕರೆಸಿ.

ಕರ್ಣಕ್ಕೆ ಎದುರು ಬದುರಿರುವ ಎರಡು ಬೋಲ್ಟನ್ನು ಕೊನೆಗೆ ಉಳಿಸಿಕೊಳ್ಳಿ. ಜಾಕಿ ಸರಿಯಾಗಿ ಭಾರ ಹೊತ್ತಿದೆ ಅಂತ ನೋಡಿಕೊಂಡು, ಹೊರಗಿನವರು ಟ್ಯಾಂಕಿನ ಅಂಚು ಹಿಡಿದಿರುವಾಗ ಅವನ್ನು ತೆಗೆಯಿರಿ.

ಈಗ ಇಳಿಸುವುದು ನಾಲ್ಕು ಬೆರಳಿನಷ್ಟು ಮಾತ್ರ. ಅಲ್ಲಿ ನಿಲ್ಲಿಸಿ. ಟ್ಯಾಂಕಿನ ತಲೆಯ ಮೇಲೆ ಫ್ಲೋಟ್ ಯೂನಿಟ್ಟಿನ ವಯರು, ಕಣ್ಣಿಗೆ ಬೀಳದ ಆವಿ ಪೈಪು, ಕೆಲವು ಸಲ ಅರ್ಥ್ ವಯರು ಇರುತ್ತವೆ. ಕೈ ತೂರಿಸಿ ಸುತ್ತಲೂ ತಡವಿ ನೋಡಿ. ಸಿಕ್ಕಿದ್ದನ್ನೆಲ್ಲ ಬಿಚ್ಚಿ. ವಯರಿನ ಸಾಕೆಟ್ಟನ್ನು ಅದರ ಲಾಕ್ ಒತ್ತಿ ತೆಗೆಯಿರಿ, ವಯರು ಹಿಡಿದು ಎಳೆಯಬೇಡಿ. ಟ್ಯಾಂಕು ಇಳಿಸುವಾಗ ಹಾಳಾಗುವುದು ಹೆಚ್ಚಾಗಿ ಈ ಜಾಗದಲ್ಲೇ. ಒಮ್ಮೆಲೇ ಕೆಳಗಿಳಿಸುತ್ತಾರೆ, ಮೇಲಿನ ಪೈಪು ಎಳೆದುಕೊಂಡು ಫ್ಲೋಟ್ ಯೂನಿಟ್ಟಿನ ಮೂತಿಯೇ ಮುರಿಯುತ್ತದೆ.

ಏನೂ ಉಳಿದಿಲ್ಲ ಅಂತ ಖಚಿತವಾದ ಮೇಲೆ ಪೂರ್ತಿ ಇಳಿಸಿ. ಇಳಿಸುವಾಗ ಟ್ಯಾಂಕು ಒಂದು ಕಡೆ ನಿಂತು ಇನ್ನೊಂದು ಕಡೆ ವಾಲಿದರೆ ಏನೋ ಸಿಕ್ಕಿಕೊಂಡಿದೆ ಅಂತಲೇ ಅರ್ಥ, ಒತ್ತಬೇಡಿ. ನೆಲದ ಮೇಲೆ ಎಳೆಯುವುದೂ ಬೇಡ. ಇಬ್ಬರು ಸೇರಿ ಹಲಗೆ ಸಮೇತ ಹೊರಗೆ ತನ್ನಿ.

ಹಂತ 8: ಹೊರಬಂದ ಟ್ಯಾಂಕು

ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6% ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿಯೇ ಜಾಸ್ತಿ, ಗಾಳಿ ಸಾಲುವುದಿಲ್ಲ. ಖಾಲಿ ಮಾಡಿ ಗಾಳಿಯಾಡಿದಾಗ ಪ್ರಮಾಣ ಸರಿಯಾಗಿ ಆ ಮಟ್ಟಕ್ಕೆ ಬಂದು ಕೂರುತ್ತದೆ. ಆ ಹೊತ್ತಿನಲ್ಲಿ ವೆಲ್ಡಿಂಗ್ ಕಿಡಿ ತಗುಲಿದರೆ ಟ್ಯಾಂಕು ಬಾಂಬಿನ ಹಾಗೆ ಸಿಡಿಯುತ್ತದೆ. "ನೀರಲ್ಲಿ ತೊಳೆದಿದ್ದೇವೆ, ವಾಸನೆ ಇಲ್ಲ" ಅಂತ ಮೂಲೆಯ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ತಗಡಿನ ಮಡಿಕೆಯಲ್ಲಿ, ತುಕ್ಕಿನ ಪದರದಲ್ಲಿ ಉಳಿದ ಪೆಟ್ರೋಲು ಬಿಸಿಯಾದ ಕೂಡಲೇ ಮತ್ತೆ ಆವಿಯಾಗುತ್ತದೆ. ಟ್ಯಾಂಕು ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ.

ಟ್ಯಾಂಕಿನ ಮೇಲ್ಭಾಗವನ್ನು ಮೊದಲು ನೋಡಿ. ಚಕ್ರ ಎರಚಿದ ಕೆಸರು ಅಲ್ಲೇ ಕೂತು ತೇವ ಹಿಡಿದಿರುತ್ತದೆ. ಅಡಿಯಿಂದ ಚೆನ್ನಾಗಿ ಕಂಡ ಎಷ್ಟೋ ಟ್ಯಾಂಕುಗಳ ತಲೆ ತೂತಾಗಿರುತ್ತದೆ. ಪೂರ್ತಿ ತುಂಬಿಸಿದಾಗ ಮಾತ್ರ ವಾಸನೆ, ಅರ್ಧಕ್ಕೆ ಬಂದರೆ ಇಲ್ಲ ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ. ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ತುಕ್ಕಿನ ಉಬ್ಬಿಗೆ ಹೆಬ್ಬೆರಳು ಒತ್ತಿದಾಗ ತಗಡು ಒಳಗೆ ಹೋದರೆ ಆ ಟ್ಯಾಂಕಿಗೆ ಪ್ಯಾಚು ಹಾಕಿ ಪ್ರಯೋಜನವಿಲ್ಲ, ಬದಲಿಸಿ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅಥವಾ ಶಿವಾಜಿನಗರದ ಗುಜರಿ ಕಡೆ ವಿಚಾರಿಸಿದರೆ ದಾರಿ ಸಿಗುತ್ತದೆ. ಗುಜರಿಯ ಟ್ಯಾಂಕಾದರೆ ಫ್ಲೋಟ್ ತೂತಿನಿಂದ ಟಾರ್ಚು ಬಿಟ್ಟು ಒಳಗೆ ನೋಡಿ. ಹೊರಗೆ ಹೊಸ ಬಣ್ಣ ಹೊಡೆದಿದ್ದರೆ ಇನ್ನೂ ಹುಷಾರಾಗಿ ನೋಡಿ. ಕಾರ್ಬೊರೇಟರ್ ಗಾಡಿಯ ಟ್ಯಾಂಕನ್ನು ಎಂಪಿಎಫ್‌ಐ ಗಾಡಿಗೆ ತರಬೇಡಿ.

ಕೆಟ್ಟ ಪೆಟ್ರೋಲನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಮುಚ್ಚಿದ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಿ. ನೆಲದ ಮೇಲೆ ಚೆಲ್ಲಿದ್ದಕ್ಕೆ ಮರಳು ಹಾಕಿ ಗುಡಿಸಿ, ನೀರು ಬಿಟ್ಟು ತೊಳೆಯಬೇಡಿ.

ಹಂತ 9: ಮತ್ತೆ ಕೂರಿಸಿ ಪರೀಕ್ಷೆ ಮಾಡುವುದು

ಕೂರಿಸುವುದು ಇದೇ ಸರದಿಯನ್ನು ಹಿಂದಿನಿಂದ ಮಾಡಿದ ಹಾಗೆ. ಫ್ಲೋಟ್ ಯೂನಿಟ್ಟಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಹಳೆಯದರ ಮೇಲೆ ಅಂಟು ಬಳಿಯಬೇಡಿ. ಟ್ಯಾಂಕು ನಾಲ್ಕು ಬೆರಳು ಕೆಳಗಿರುವಾಗಲೇ ತಲೆಯ ಮೇಲಿನ ವಯರು, ಪೈಪು ಜೋಡಿಸಿ. ಅರ್ಥ್ ವಯರು ಮರೆಯಬೇಡಿ. ಆವಿ ಪೈಪು ಮಡಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಮಡಚಿಕೊಂಡರೆ ಬಂಕಿನಲ್ಲಿ ಗನ್ನು ಪದೇ ಪದೇ ಕಟ್ ಆಗುತ್ತದೆ, ಇಲ್ಲಾ ಸ್ವಲ್ಪ ದೂರ ಓಡಿ ಎಂಜಿನ್ ಸೊರಗುತ್ತದೆ. ಬೋಲ್ಟುಗಳನ್ನು ಮೊದಲು ಎಲ್ಲವನ್ನೂ ಕೈಯಲ್ಲೇ ಹತ್ತಿಸಿ, ಆಮೇಲೆ ಕರ್ಣಕ್ಕೆ ಬಿಗಿಯಿರಿ.

ಗಾಡಿ ಕೆಳಗಿಳಿಸಿ, ಐದು ಲೀಟರ್ ಪೆಟ್ರೋಲ್ ಹಾಕಿ, ಹತ್ತು ನಿಮಿಷ ಸುಮ್ಮನಿರಿ. ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ ನೋಡಿ, ಒದ್ದೆಯಾಗಬಾರದು. ವಾಸನೆ ಇಲ್ಲ ಅಂತಾದ ಮೇಲೇ ಬ್ಯಾಟರಿ ಜೋಡಿಸಿ, ಫ್ಯೂಸು ಹಾಕಿ. ಎಂಪಿಎಫ್‌ಐ ಗಾಡಿಯಲ್ಲಿ ಸ್ಟಾರ್ಟ್ ಮಾಡದೆ ಕೀಯನ್ನು ಮೂರು ನಾಲ್ಕು ಸಲ ಆನ್ ಆಫ್ ಮಾಡಿ, ಲೈನಿನಲ್ಲಿ ಒತ್ತಡ ಬಂದ ಮೇಲೆ ಮತ್ತೆ ಕಾಗದ ಒತ್ತಿ ನೋಡಿ. ಸೋರಿಕೆ ಇದ್ದರೆ ಈಗ ಕಾಣುತ್ತದೆ.

ಎಂಜಿನ್ ಹತ್ತು ನಿಮಿಷ ಓಡಲಿ. ಮರುದಿನ ಪೂರ್ತಿ ತುಂಬಿಸಿ, ಆ ರಾತ್ರಿ ಗಾಡಿಯನ್ನು ಮನೆಯೊಳಗಿನ ಗ್ಯಾರೇಜಿಗೆ ಹಾಕದೆ ಬಯಲಲ್ಲೇ ನಿಲ್ಲಿಸಿ, ಅಡಿಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಕಂಡರೆ ಅಥವಾ ಟ್ಯಾಂಕಿನ ಕಡೆ ವಾಸನೆ ಬಂದರೆ ಸ್ಟ‌ಾರ್ಟ್ ಮಾಡಬೇಡಿ. ಬ್ಯಾಟರಿ ಮತ್ತೆ ಬಿಚ್ಚಿ, ಮೊದಲು ಪೆಟ್ರೋಲ್ ಹಾಕುವ ದಪ್ಪ ಪೈಪಿನ ಕ್ಲಿಪ್ಪು ನೋಡಿ, ಆಮೇಲೆ ಫ್ಲೋಟ್ ಗ್ಯಾಸ್ಕೆಟ್ಟು.